ಶಾಲು ಹೊದೆಸಿದ ಮೇಲೆ ಪುಸ್ತಕ ಎಲ್ಲಿ ಸಿಗುತ್ತದೆ?

ಕಾಸರಗೋಡಿನಲ್ಲಿ ಕೂತು ಕನ್ನಡದಲ್ಲಿ ಬರೆಯುವವರಿಗೆ ಸರ್ಕಾರಗಳು ಎರಡು. ಪೂರ್ತಿ ತಮ್ಮದೆನ್ನುವಂಥ ಸಾಹಿತ್ಯ ಅಕಾಡೆಮಿ ಮಾತ್ರ ಒಂದೂ ಇಲ್ಲ. ತೃಶೂರಿನ ಕೇರಳ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾದದ್ದು 1956ರಲ್ಲಿ. ಅದೇ ವರ್ಷದ ನವೆಂಬರ್ 1ಕ್ಕೆ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಕಳಚಿ ಕೇರಳಕ್ಕೆ ಹೋಯಿತು. ಆ ಅಕಾಡೆಮಿಯ ಪ್ರಶಸ್ತಿಗಳು ಮಲಯಾಳಂ ಕೃತಿಗಳಿಗೆ. ಬೆಂಗಳೂರಿನ ಕರ್ನಾಟಕ ಸಾಹಿತ್ಯ ಅಕಾಡೆಮಿಗೆ ಗಡಿಯಾಚೆಯ ಕನ್ನಡ ಬೇಡವೆಂದಿಲ್ಲ. ಆದರೆ ಅಲ್ಲಿ ವರ್ಷಕ್ಕೆ ಐದು ಗೌರವ ಪ್ರಶಸ್ತಿ, ಹತ್ತು ಸಾಹಿತ್ಯಶ್ರೀ. ಬೀದರಿನಿಂದ ಚಾಮರಾಜನಗರದವರೆಗಿನ ಸಾಲಿನಲ್ಲಿ ನಿಂತು ಕಾಯಬೇಕು. ದೆಹಲಿಯ ಕೇಂದ್ರ ಸಾಹಿತ್ಯ ಅಕಾಡೆಮಿ ರಾಜ್ಯ ನೋಡುವುದಿಲ್ಲ, ಭಾಷೆ ನೋಡುತ್ತದೆ. ಕಾರಡ್ಕದಲ್ಲಿ ಹುಟ್ಟಿದ ಕೆ.ವಿ. ತಿರುಮಲೇಶರ ‘ಅಕ್ಷಯ ಕಾವ್ಯ’ಕ್ಕೆ 2015ರಲ್ಲಿ ಅದರ ಪ್ರಶಸ್ತಿ ಬಂತು. ಆದರೆ ಅದು ಇಡೀ ಕನ್ನಡಕ್ಕೆ ವರ್ಷಕ್ಕೊಂದು.

ಈ ಮೂರರ ನಡುವೆ ಉಳಿದ ಖಾಲಿ ಜಾಗದಲ್ಲಿ ಹುಟ್ಟಿದ್ದೇ ಊರಿನ ಪ್ರಶಸ್ತಿ. ಕನ್ನಡ ಸಂಘ, ಯುವಕ ಮಂಡಲ, ಗ್ರಂಥಾಲಯ, ತೀರಿಕೊಂಡ ಮೇಷ್ಟರ ಮಕ್ಕಳು ಇಟ್ಟ ದತ್ತಿನಿಧಿ, ಹೀಗೆ ಕೊಡುವವರು ಹಲವರು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ನೀರ್ಚಾಲು, ಮುಳ್ಳೇರಿಯದ ಸಭಾಂಗಣಗಳಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ ಭಾನುವಾರಗಳು ಇದಕ್ಕೇ ಮೀಸಲು. ಪ್ರಶಸ್ತಿಗಳು ಹೆಚ್ಚಾದವೆಂದು ಗೊಣಗುವುದು ಸುಲಭ. ಆದರೆ ತೊಂದರೆ ಸಂಖ್ಯೆಯಲ್ಲಿಲ್ಲ. ಪ್ರಶಸ್ತಿ ಪಡೆದವರ ಪುಸ್ತಕ ಬೇಕೆಂದು ಮರುದಿನ ಕಾಸರಗೋಡು ಪೇಟೆಯಲ್ಲಿ ಹುಡುಕಿದರೆ ಸಿಗದಿರುವುದೇ ನಿಜವಾದ ತೊಂದರೆ. ನಲವತ್ತು ವರ್ಷ ಬರೆದವರನ್ನು ವೇದಿಕೆಗೆ ಕರೆದು ಕೂರಿಸುತ್ತೇವೆ, ಅವರು ಬರೆದದ್ದನ್ನು ಸಭೆಯಲ್ಲಿ ಓದಿದವರು ನಾಲ್ಕು ಜನ ಇರುವುದಿಲ್ಲ. ನಿಯಮ, ಹಣ, ಆಯ್ಕೆ, ಸಮಾರಂಭ, ಯಾವುದನ್ನು ತಿದ್ದುವುದಿದ್ದರೂ ಇದನ್ನು ಮುಂದಿಟ್ಟುಕೊಂಡೇ ತಿದ್ದಬೇಕು.

‘ಕಾಸರಗೋಡಿನವರು’ ಎಂದರೆ ಯಾರು?

ಪ್ರಶಸ್ತಿಯ ನಿಯಮಾವಳಿಯಲ್ಲಿ ಮೊದಲು ಮುಗ್ಗರಿಸುವ ಸಾಲು ಇದು: ‘ಕಾಸರಗೋಡಿನ ಹಿರಿಯ ಸಾಹಿತಿಗಳಿಗೆ’. ಯಾವ ಕಾಸರಗೋಡು? ಜಿಲ್ಲೆ ರಚನೆಯಾದದ್ದು 1984ರ ಮೇ 24ರಂದು. ಇಂದು ಅದರಲ್ಲಿ ನಾಲ್ಕು ತಾಲೂಕು: ಮಂಜೇಶ್ವರ, ಕಾಸರಗೋಡು, ಹೊಸದುರ್ಗ, ವೆಳ್ಳರಿಕುಂಡು. ಕನ್ನಡದ ಸಾಂದ್ರತೆ ಇರುವುದು ಮೊದಲ ಎರಡರಲ್ಲಿ. 1967ರ ಮಹಾಜನ ವರದಿ ಕರ್ನಾಟಕಕ್ಕೆ ಸೇರಬೇಕೆಂದು ಹೇಳಿದ್ದು ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಭಾಗವನ್ನು. ಊರವರ ಮನಸ್ಸಿನ ನಕ್ಷೆ ಇಂದಿಗೂ ಹೆಚ್ಚುಕಡಿಮೆ ಅದೇ. ಹಾಗಾದರೆ ಕಾಞಂಗಾಡಿನಲ್ಲಿ ನೆಲೆಸಿ ಕನ್ನಡದಲ್ಲಿ ಬರೆಯುವವರು ಒಳಗೋ ಹೊರಗೋ?

ಹುಟ್ಟಿದ ಊರು, ನೆಲೆಸಿದ ಊರು, ಬರೆದ ಊರು ಒಂದೇ ಆಗಬೇಕೆಂದರೆ ಇಲ್ಲಿನ ದೊಡ್ಡ ಹೆಸರುಗಳಲ್ಲಿ ಅರ್ಧ ಬಿದ್ದುಹೋಗುತ್ತವೆ. ತಿರುಮಲೇಶ್ ಬಾಳಿನ ಬಹುಭಾಗ ಕಳೆದದ್ದು ಹೈದರಾಬಾದಿನಲ್ಲಿ, 2023ರ ಜನವರಿಯಲ್ಲಿ ತೀರಿಕೊಂಡದ್ದೂ ಅಲ್ಲೇ. ಸಾರಾ ಅಬೂಬಕ್ಕರ್ ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ನೆಲೆಸಿದರು. ಆದರೆ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನೆಲ ಇದೇ. ಕಯ್ಯಾರ ಕಿಞ್ಞಣ್ಣ ರೈ ಮಾತ್ರ ಮೇಷ್ಟರಾಗಿ, ಕೃಷಿಕರಾಗಿ ಬದಿಯಡ್ಕದ ಆಸುಪಾಸಿನಲ್ಲೇ ನೂರು ವರ್ಷ ಕಳೆದರು. ಹಾಗಾಗಿ ನಿಯಮದಲ್ಲಿ ಮೂರರಲ್ಲಿ ಯಾವುದಾದರೂ ಒಂದು ಸಾಕೆಂದು ಬಿಡಿಸಿ ಬರೆಯುವುದು ಲೇಸು: ಇಲ್ಲಿ ಹುಟ್ಟಿದವರು, ಇಲ್ಲಿ ಕನಿಷ್ಠ ಹತ್ತು ವರ್ಷ ನೆಲೆಸಿ ಬರೆದವರು, ಇಲ್ಲವೇ ಮುಖ್ಯ ಕೃತಿಗಳಲ್ಲಿ ಈ ನೆಲವನ್ನೇ ಬರೆದವರು. ಹೀಗೆ ಬರೆದಿಡದಿದ್ದರೆ ಪ್ರತಿ ವರ್ಷ ಸಮಿತಿಯ ಸಭೆಯಲ್ಲಿ ಅದೇ ಜಗಳ. ಸಾಮಾನ್ಯವಾಗಿ ಅದು ಯಾರೋ ಒಬ್ಬರನ್ನು ಬಿಡುವುದಕ್ಕೆ ಹುಡುಕಿದ ನೆಪವೂ ಆಗಿರುತ್ತದೆ.

ಭಾಷೆಯ ಪ್ರಶ್ನೆ ಇನ್ನೂ ಸೂಕ್ಷ್ಮ. ಗೋವಿಂದ ಪೈಗಳ ಮನೆಮಾತು ಕೊಂಕಣಿ, ಕಯ್ಯಾರರದು ತುಳು, ಸಾರಾ ಅವರದು ಮಲಯಾಳಂ. ಮೂವರೂ ಕನ್ನಡದಲ್ಲಿ ಬರೆದರು. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಕಚೇರಿಯಲ್ಲಿ ಇನ್ನೊಂದು ಭಾಷೆ ಇರುವ ಊರಿನಲ್ಲಿ ಒಬ್ಬ ಲೇಖಕರ ಸಾಧನೆ ಒಂದೇ ಭಾಷೆಯೊಳಗೆ ಮುಗಿಯುವುದಿಲ್ಲ. ಮಲಯಾಳಂನಿಂದ ಕನ್ನಡಕ್ಕೆ ಇಪ್ಪತ್ತು ಪುಸ್ತಕ ತಂದವರನ್ನು ‘ಬರೀ ಅನುವಾದಕರು’ ಎಂದು ಬದಿಗೆ ಸರಿಸುವ ಪ್ರಶಸ್ತಿಗೆ ಕಾಸರಗೋಡು ಎಂದರೇನೆಂದೇ ತಿಳಿದಿಲ್ಲ. ತುಳುವಿಗೆ ಮಂಗಳೂರಿನಲ್ಲಿ ಕರ್ನಾಟಕ ತುಳು ಸಾಹಿತ್ಯ ಅಕಾಡೆಮಿ, ಇತ್ತ ಕೇರಳ ತುಳು ಅಕಾಡೆಮಿ ಎರಡೂ ಇವೆ, ಬ್ಯಾರಿಗೂ ಕೊಂಕಣಿಗೂ ಕರ್ನಾಟಕದಲ್ಲಿ ಅಕಾಡೆಮಿಗಳಿವೆ ಎಂಬುದು ಸರಿ. ಆದರೆ ಕನ್ನಡದಲ್ಲೂ ತುಳುವಿನಲ್ಲೂ ಬರೆದವರು ಎರಡೂ ಕಡೆ ‘ಅರ್ಧ’ ಆಗಿ ಕೈತಪ್ಪುವುದು ಇದರಿಂದಲೇ.

ಯಕ್ಷಗಾನ ಪ್ರಸಂಗಕರ್ತರ ಗತಿಯೂ ಹಾಗೆಯೇ. ಪಾರ್ತಿಸುಬ್ಬ ಕುಂಬಳೆಯವನು, ಅವನ ಹೆಸರಿನ ಪ್ರಶಸ್ತಿಯನ್ನು ಕೊಡುವುದು ಕರ್ನಾಟಕ ಯಕ್ಷಗಾನ ಅಕಾಡೆಮಿ. ಛಂದಸ್ಸು ತಪ್ಪದೆ ಮುನ್ನೂರು ಪದ್ಯದ ಪ್ರಸಂಗ ಬರೆದವರನ್ನು ಊರಿನ ಸಾಹಿತ್ಯ ಪ್ರಶಸ್ತಿಯ ಸಮಿತಿ ‘ಕಲಾವಿಭಾಗ’ಕ್ಕೆ ತಳ್ಳಿ ಕೈತೊಳೆದುಕೊಳ್ಳುತ್ತದೆ. ಪ್ರಸಂಗವೂ ಕಾವ್ಯವೇ ಎಂದು ನಿಯಮದಲ್ಲಿ ಒಂದು ಸಾಲು ಸೇರಿಸಿದರೆ ಕಳೆದುಕೊಳ್ಳುವುದೇನೂ ಇಲ್ಲ.

ಠೇವಣಿಯ ಗಣಿತ

ಊರಿನ ಪ್ರಶಸ್ತಿಗಳು ಸಾಯುವುದು ಜಗಳದಿಂದಲ್ಲ, ಬಡ್ಡಿದರದಿಂದ. 1990ರ ದಶಕದ ಮಧ್ಯದಲ್ಲಿ ಬ್ಯಾಂಕಿನ ನಿಶ್ಚಿತ ಠೇವಣಿಗೆ ಶೇ 12ರ ಆಸುಪಾಸು ಬಡ್ಡಿ ಸಿಗುತ್ತಿತ್ತು. ಆಗ 50,000 ರೂಪಾಯಿ ದತ್ತಿ ಇಟ್ಟರೆ ವರ್ಷಕ್ಕೆ 6,000. ಐದು ಸಾವಿರ ನಗದು ಕೊಟ್ಟು ಶಾಲು, ಹಾರ, ಫಲಕ ಮುಗಿಸಿ ಚಹಾಕ್ಕೂ ಉಳಿಯುತ್ತಿತ್ತು. ಅದೇ ಠೇವಣಿಗೆ ಶೇ 6.5 ಬಡ್ಡಿಯಾದರೆ ಬರುವುದು 3,250. ಒಂದು ಒಳ್ಳೆಯ ಫಲಕ, ಒಂದು ಶಾಲು, ಹಣ್ಣಿನ ಬುಟ್ಟಿಗೇ ಅದು ಸರಿಹೋಗುತ್ತದೆ. ಆಗ ಕಾರ್ಯದರ್ಶಿ ಕೈಯಿಂದ ಹಾಕುತ್ತಾರೆ, ಮೂರು ವರ್ಷ ಹಾಕಿ ಸುಸ್ತಾಗುತ್ತಾರೆ, ನಾಲ್ಕನೇ ವರ್ಷ ಪ್ರಶಸ್ತಿ ನಿಲ್ಲುತ್ತದೆ.

ಹೊಸದಾಗಿ ಪ್ರಶಸ್ತಿ ಇಡುವವರು ಲೆಕ್ಕವನ್ನು ತಿರುಗಿಸಿ ಹಾಕಬೇಕು. ನಗದು 10,000, ಸಮಾರಂಭ ಮತ್ತು ಪುಸ್ತಕಕ್ಕೆ 15,000, ಒಟ್ಟು ವರ್ಷಕ್ಕೆ 25,000 ಬೇಕೆಂದಿಟ್ಟುಕೊಳ್ಳಿ. ಶೇ 6.5ರಲ್ಲಿ ಬಡ್ಡಿಯನ್ನೆಲ್ಲ ಖರ್ಚು ಮಾಡಿದರೆ ಮೂಲಧನ ಸುಮಾರು 3.85 ಲಕ್ಷ ಸಾಕು. ಆದರೆ ಹತ್ತು ವರ್ಷದಲ್ಲಿ ಅದೇ 25,000ಕ್ಕೆ ಏನೂ ಬಾರದು. ಬಡ್ಡಿಯಲ್ಲಿ ಶೇ 4ರಷ್ಟನ್ನು ಮಾತ್ರ ಖರ್ಚು ಮಾಡಿ ಉಳಿದ ಶೇ 2.5ನ್ನು ಮೂಲಧನಕ್ಕೆ ಸೇರಿಸುತ್ತ ಹೋಗುವುದಾದರೆ 6.25 ಲಕ್ಷ ಬೇಕು. ಅಷ್ಟಿಲ್ಲದಿದ್ದರೆ ಪ್ರಶಸ್ತಿಯನ್ನು ಎರಡು ವರ್ಷಕ್ಕೊಮ್ಮೆ ಕೊಡಿ. ವರ್ಷಕ್ಕೊಮ್ಮೆ ಕೊಟ್ಟು ಆರು ವರ್ಷಕ್ಕೆ ಮುಚ್ಚುವುದಕ್ಕಿಂತ ಅದರಲ್ಲಿ ಮರ್ಯಾದೆ ಹೆಚ್ಚು.

ಠೇವಣಿ ಯಾರ ಹೆಸರಿನಲ್ಲಿದೆ ಎಂಬುದೂ ನೋಡಬೇಕಾದದ್ದು. ಸಂಘ ನೋಂದಣಿಯಾಗಿಲ್ಲವೆಂದು ಅಧ್ಯಕ್ಷರು ಮತ್ತು ಕಾರ್ಯದರ್ಶಿಯ ಸ್ವಂತ ಹೆಸರಿನಲ್ಲಿ ಇಟ್ಟ ದತ್ತಿಗಳು ಕಡಿಮೆಯಿಲ್ಲ. ಅವರಲ್ಲೊಬ್ಬರು ತೀರಿಕೊಂಡರೆ ಬ್ಯಾಂಕು ಕೇಳುವುದು ವಾರಸುದಾರರನ್ನು, ಸಂಘವನ್ನಲ್ಲ. ವಿದೇಶದಲ್ಲಿರುವ ಮಕ್ಕಳಿಗೆ ಅದು ಪ್ರಶಸ್ತಿಯ ಹಣವೆಂದು ತಿಳಿಸಿ ಸಹಿ ತರಿಸುವಷ್ಟರಲ್ಲಿ ಎರಡು ವರ್ಷ ಕಳೆಯುತ್ತದೆ. ಕಾಸರಗೋಡು ಹಳೆಯ ಮದ್ರಾಸ್ ಸೀಮೆಯಾದ್ದರಿಂದ ಇಲ್ಲಿ ಸಂಘಗಳು ನೋಂದಣಿಯಾಗುವುದು 1860ರ ಸಂಘ ನೋಂದಣಿ ಕಾಯ್ದೆಯ ಕೆಳಗೆ. ತಿರುವಿದಾಂಕೂರು, ಕೊಚ್ಚಿ ಭಾಗದ 1955ರ ಕಾಯ್ದೆ ಬೇರೆ. ತಿರುವನಂತಪುರದ ಗೆಳೆಯರು ಕಳಿಸಿದ ನಮೂನೆ ಬೈಲಾವನ್ನು ಹಾಗೇ ನಕಲು ಮಾಡಿ ಕೊಟ್ಟರೆ ನೋಂದಣಿ ಕಚೇರಿಯಿಂದ ಮರಳಿ ಬರುವುದು ಇದಕ್ಕೇ. ನೋಂದಣಿ, ಸಂಘದ ಪ್ಯಾನ್, ಸಂಘದ ಹೆಸರಿನ ಖಾತೆ, ವರ್ಷವರ್ಷದ ಲೆಕ್ಕಪರಿಶೋಧನೆ ಇದ್ದರೆ ಮಾತ್ರ ಕರ್ನಾಟಕದ ಇಲಾಖೆ, ಪ್ರಾಧಿಕಾರಗಳ ಅನುದಾನಕ್ಕೆ ಅರ್ಜಿ ಹಾಕಿ ಪ್ರಯೋಜನ. ಆ ಹಣವೂ ಬಹಳ ಸಲ ಸಮಾರಂಭ ಮುಗಿದ ಮೇಲೆ, ಹಣಬಳಕೆ ಪ್ರಮಾಣಪತ್ರ ಕೊಟ್ಟ ಮೇಲೆ ಬರುವಂಥದ್ದು. ಅದನ್ನು ನಂಬಿ ಶಾಮಿಯಾನದವರಿಗೆ ಮಾತು ಕೊಡಬಾರದು.

ಪಡೆದವರ ಕಡೆಯ ಲೆಕ್ಕವೂ ಇದೆ. ಸರ್ಕಾರ ಕೊಡುವ, ಅಥವಾ ಕೇಂದ್ರ ಸರ್ಕಾರ ಅನುಮೋದಿಸಿದ ಪ್ರಶಸ್ತಿಯ ಮೊತ್ತಕ್ಕೆ ಆದಾಯ ತೆರಿಗೆಯಿಲ್ಲ. ಊರಿನ ಸಂಘ ಕೊಡುವ ಹಣಕ್ಕೆ ಆ ರಿಯಾಯಿತಿ ತಾನಾಗಿ ಸಿಗುವುದಿಲ್ಲ. ಹತ್ತು ಸಾವಿರಕ್ಕೆ ಇದು ತಲೆನೋವಲ್ಲ. ಲಕ್ಷದ ಪ್ರಶಸ್ತಿ ಘೋಷಿಸುವವರು ಮೊದಲೇ ಲೆಕ್ಕಪರಿಶೋಧಕರನ್ನು ಕೇಳಿಕೊಳ್ಳಬೇಕು.

ಆಯ್ಕೆ ಎಲ್ಲಿ ಕೆಡುತ್ತದೆ

ಹಿರಿಯ ಲೇಖಕರಿಂದ ಅರ್ಜಿ ಕೇಳುವುದು ಮೊದಲ ತಪ್ಪು. ಎಪ್ಪತ್ತೈದು ವರ್ಷದವರು ತಮ್ಮ ‘ಸಾಧನೆಯ ವಿವರ’ವನ್ನು ತಾವೇ ಬರೆದು, ಎರಡು ಭಾವಚಿತ್ರ ಲಗತ್ತಿಸಿ ಕಳಿಸಬೇಕೆಂದರೆ, ಕಳಿಸುವವರು ಯಾರೆಂದು ಎಲ್ಲರಿಗೂ ಗೊತ್ತು. ಕಳಿಸದವರ ಹೆಸರು ಪಟ್ಟಿಗೇ ಬರುವುದಿಲ್ಲ. ಜೀವಮಾನದ ಸಾಧನೆಗೆ ಕೊಡುವಾಗ ಹೆಸರು ಸೂಚಿಸುವ ಕೆಲಸ ಓದುಗರದು, ಗ್ರಂಥಪಾಲಕರದು, ಕನ್ನಡ ಅಧ್ಯಾಪಕರದು. ಕಾಸರಗೋಡು ಸರ್ಕಾರಿ ಕಾಲೇಜಿನ ಕನ್ನಡ ವಿಭಾಗ, ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಸರ್ಕಾರಿ ಕಾಲೇಜು, ಕನ್ನಡ ಮಾಧ್ಯಮದ ಹೈಸ್ಕೂಲುಗಳು ಇದ್ದೇ ಇವೆ. ಒಂದು ಪುಟದ ಸೂಚನಾ ಪತ್ರ ಕಳಿಸಿ, ‘ಇವರ ಯಾವ ಕೃತಿ ಓದಿದ್ದೀರಿ, ಅದರಲ್ಲಿ ಏನಿದೆ’ ಎಂಬ ಎರಡೇ ಪ್ರಶ್ನೆ ಕೇಳಿದರೆ ಸಾಕು. ಅರ್ಧ ಸೂಚನೆಗಳು ಅಲ್ಲೇ ಉದುರುತ್ತವೆ.

ಒಂದು ಕೃತಿಗೆ ಕೊಡುವ ಪ್ರಶಸ್ತಿಯಲ್ಲಿ ಪುಸ್ತಕ ತರಿಸಿಕೊಳ್ಳುವುದು ಅನಿವಾರ್ಯ, ಆದರೆ ನಾಲ್ಕು ಪ್ರತಿ ಏಕೆ? ಗಡಿನಾಡಿನ ಲೇಖಕರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸುವುದು ಬಹುತೇಕ 300 ಪ್ರತಿ. ವರ್ಷಕ್ಕೆ ಆರು ಕಡೆ ನಾಲ್ಕು ನಾಲ್ಕು ಪ್ರತಿ ಕಳಿಸಿದರೆ 24 ಹೋಯಿತು, ಅಂದರೆ ಶೇ 8. 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ನೋಂದಾಯಿತ ಪುಸ್ತಕ ಅಂಚೆಯ ಅಗ್ಗದ ದರವನ್ನು ನಿಲ್ಲಿಸಿದಾಗ ಕಟ್ಟು ಕಳಿಸುವ ಖರ್ಚೂ ಏರಿತು. ಒಂದು ಪ್ರತಿ ಮತ್ತು ಒಂದು ಪಿಡಿಎಫ್ ಕೇಳಿ. ಅಂತಿಮ ಸುತ್ತಿಗೆ ಬಂದ ಐದು ಪುಸ್ತಕಗಳನ್ನು ಸಂಘವೇ ದುಡ್ಡು ಕೊಟ್ಟು ಕೊಳ್ಳಲಿ.

ಸಮಿತಿಯಲ್ಲಿ ಮೂವರು ಸಾಕು. ಒಬ್ಬರು ಜಿಲ್ಲೆಯ ಹೊರಗಿನವರು, ಒಬ್ಬರಿಗೆ ಮಲಯಾಳಂ ಅಥವಾ ತುಳು ಸಾಹಿತ್ಯ ಚೆನ್ನಾಗಿ ಗೊತ್ತಿರಬೇಕು, ಯಾರೂ ಸಂಘದ ಪದಾಧಿಕಾರಿಗಳಾಗಿರಬಾರದು, ಎರಡು ವರ್ಷಕ್ಕೆ ಬದಲಾಗಬೇಕು. ಬಂಧುತ್ವ, ಗುರುಶಿಷ್ಯ ಸಂಬಂಧ, ಮುನ್ನುಡಿ ಬರೆದ ಸಂಬಂಧ ಇದ್ದರೆ ಆ ಹೆಸರಿನ ಚರ್ಚೆಯಲ್ಲಿ ಹೊರಗೆ ಕೂರಬೇಕು. ಕಾಸರಗೋಡಿನಂಥ ಕಡೆ ಎಲ್ಲರೂ ಎಲ್ಲರಿಗೂ ಒಂದಲ್ಲ ಒಂದು ರೀತಿ ನಂಟರು, ಹಾಗಾಗಿ ಮುನ್ನುಡಿಯ ನಂಟನ್ನು ಸ್ವಲ್ಪ ಸಡಿಲ ಬಿಡಬಹುದು, ಸೋದರಮಾವನ ನಂಟನ್ನು ಬಿಡಲಾಗದು. ಮುಖ್ಯವಾಗಿ, ಮೂವರೂ ಆಯ್ಕೆಯಾದವರ ಕೃತಿಗಳ ಬಗ್ಗೆ ಅರ್ಧ ಪುಟ ಬರೆದು ಸಹಿ ಹಾಕಬೇಕು. ಓದದೆ ಅರ್ಧ ಪುಟ ಬರೆಯುವುದು ಕಷ್ಟ.

ಆ ಅರ್ಧ ಪುಟ ಎಲ್ಲಿಗೆ ಹೋಗಬೇಕೆಂದು ತಿಳಿಯಲು ಒಂದು ಬಿನ್ನವತ್ತಳೆಯನ್ನು ಹತ್ತಿರದಿಂದ ನೋಡಬೇಕು. ಚೌಕಟ್ಟು ಹಾಕಿದ ದಪ್ಪ ಕಾಗದ, ಚಿನ್ನದ ಬಣ್ಣದ ಅಂಚು, ಮೇಲೆ ಭುವನೇಶ್ವರಿ, ಎಡಕ್ಕೆ ಲೇಖಕರ ಪಾಸ್‌ಪೋರ್ಟ್ ಅಳತೆಯ ಚಿತ್ರ. ನಡುವೆ ಹನ್ನೆರಡು ಸಾಲು: ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಗಡಿನಾಡ ಕನ್ನಡದ ಕಣ್ಮಣಿ, ಬಹುಮುಖ ಪ್ರತಿಭೆ, ಅಪಾರ ಶಿಷ್ಯವೃಂದ. ಕೆಳಗೆ ಅಧ್ಯಕ್ಷರು, ಕಾರ್ಯದರ್ಶಿ, ಕೋಶಾಧಿಕಾರಿ, ಸರ್ವ ಸದಸ್ಯರು. ಹೆಸರು ಅಳಿಸಿ ಬೇರೆಯವರ ಹೆಸರು ಬರೆದರೂ ಒಂದಕ್ಷರ ಬದಲಿಸಬೇಕಿಲ್ಲ. ಎಷ್ಟೋ ಸಲ ಡಿಟಿಪಿ ಅಂಗಡಿಯಲ್ಲಿ ನಡೆಯುವುದೂ ಅದೇ, ಕಳೆದ ವರ್ಷದ ಕಡತ ತೆರೆದು ಹೆಸರು ಬದಲಿಸುವುದು. ಒಂದೇ ಒಂದು ಪುಸ್ತಕದ ಹೆಸರಾಗಲಿ, ಅದು ಬಂದ ಇಸವಿಯಾಗಲಿ ಅದರಲ್ಲಿಲ್ಲ. ತೀರ್ಪುಗಾರರ ಟಿಪ್ಪಣಿಯನ್ನೇ ಅಲ್ಲಿ ಅಚ್ಚು ಹಾಕಿದರೆ ಮನೆಗೆ ಬಂದ ನೆಂಟರು ಗೋಡೆಯ ಮೇಲೆ ನೋಡಿ ಆ ಲೇಖಕರು ಏನು ಬರೆದಿದ್ದಾರೆಂದಾದರೂ ತಿಳಿದಾರು.

ಹೆಸರಿನ ಕಾಗುಣಿತವನ್ನೂ ಆಗಲೇ ನೋಡಬೇಕು. ತುಳುವಿನಲ್ಲಿ ‘ಕಿಞ್ಞ’ ಎಂದರೆ ಚಿಕ್ಕದು. ‘ಕಿಞ್ಞಣ್ಣ’ ಎಂಬ ಹೆಸರು ಬಂದದ್ದು ಹಾಗೆ. ಞಕಾರಕ್ಕೆ ಞಕಾರದ ಒತ್ತು ಘಟ್ಟದ ಮೇಲಿನ ಡಿಟಿಪಿಯವರಿಗೆ ಅಪರೂಪದ ಅಕ್ಷರ. ಅದು ‘ಕಿಂಞಣ್ಣ’, ‘ಕಿಣ್ಣಣ್ಣ’ ಎಂದೆಲ್ಲ ಆಗುತ್ತದೆ. ಹಳೆಯ ನುಡಿ, ಬರಹ ತಂತ್ರಾಂಶಗಳ ಕಡತವನ್ನು ಯೂನಿಕೋಡ್‌ಗೆ ಬದಲಿಸುವಾಗ ಇಂಥ ಒತ್ತುಗಳೂ ಅರ್ಕಾವತ್ತೂ ಮೊದಲು ಕೆಡುತ್ತವೆ. ಫಲಕ ಕೊರೆಯಿಸುವ ಮೊದಲು ಲೇಖಕರಿಗೇ ಒಂದು ಕರಡು ಕಳಿಸಿದರೆ ಐದು ನಿಮಿಷದ ಕೆಲಸ. ಕಂಚಿನ ಮೇಲೆ ಕೊರೆದ ತಪ್ಪನ್ನು ತಿದ್ದುವ ಉಪಾಯ ಯಾರ ಹತ್ತಿರವೂ ಇಲ್ಲ.

ಪುಸ್ತಕ ಜನರ ಕೈಗೆ ಬರುವುದು ಹೇಗೆ

ನೂರು ಜನರಿಗೆ ತಲಾ 150 ರೂಪಾಯಿಯ ಊಟವೆಂದರೆ 15,000. ಇನ್ನೂರು ರೂಪಾಯಿ ಮುಖಬೆಲೆಯ ಪುಸ್ತಕವನ್ನು ಶೇ 30 ರಿಯಾಯಿತಿಯಲ್ಲಿ ನೂರು ಪ್ರತಿ ಕೊಂಡರೆ 14,000. ಊಟ ಬೇಡವೆಂದಲ್ಲ, ಇಲ್ಲಿ ಊಟ ಹಾಕದೆ ಸಭೆ ಮುಗಿಸಿದರೆ ಮುಂದಿನ ವರ್ಷ ಕುರ್ಚಿಗಳು ಖಾಲಿ. ಆದರೆ ಎರಡಕ್ಕೂ ಒಂದೇ ಖರ್ಚು ಎಂಬುದು ಸಮಿತಿಗೆ ಗೊತ್ತಿರಬೇಕು. ಪಾಯಸ ಒಂದನ್ನು ಬಿಟ್ಟರೂ ಹತ್ತು ಶಾಲೆಗೆ ಪುಸ್ತಕ ಹೋದೀತು.

ಹಿರಿಯರ ವಿಷಯದಲ್ಲಿ ಕೊಳ್ಳೋಣವೆಂದರೂ ಪುಸ್ತಕವೇ ಇರುವುದಿಲ್ಲ. ಮೂವತ್ತು ವರ್ಷದ ಹಿಂದೆ ಬಂದದ್ದು ಒಂದೇ ಮುದ್ರಣ, ಅಚ್ಚುಕೂಟ ಮುಚ್ಚಿದೆ, ಲೇಖಕರ ಬಳಿ ಗೆದ್ದಲು ಹಿಡಿದ ಒಂದೇ ಪ್ರತಿ. ಆಗ ಪ್ರಶಸ್ತಿಯ ಭಾಗವಾಗಿ ಒಂದು ಮರುಮುದ್ರಣ ಇಟ್ಟುಕೊಳ್ಳುವುದೇ ದಾರಿ. ಬೇಕಾದಷ್ಟೇ ಪ್ರತಿ ಅಚ್ಚು ಹಾಕುವ ಡಿಜಿಟಲ್ ಮುದ್ರಣದಲ್ಲಿ ಐವತ್ತು ಪ್ರತಿಯನ್ನೂ ತೆಗೆಯಬಹುದು, ಪ್ರತಿಯೊಂದರ ಖರ್ಚು ಸ್ವಲ್ಪ ಹೆಚ್ಚು, ಆದರೆ ಮಾರದೆ ಉಳಿದ ಕಟ್ಟುಗಳು ಅಟ್ಟ ಸೇರುವುದಿಲ್ಲ. ಐಎಸ್‌ಬಿಎನ್ ಎಂಬ ಪುಸ್ತಕದ ಗುರುತಿನ ಸಂಖ್ಯೆಗೆ ದುಡ್ಡು ಕೊಡಬೇಕೆಂದು ಹೇಳುವ ದಲ್ಲಾಳಿಗಳನ್ನು ನಂಬಬೇಕಿಲ್ಲ. ಅದನ್ನು ಕೊಡುವುದು ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ, ಉಚಿತವಾಗಿ. ಲೇಖಕರೇ ಪ್ರಕಾಶಕರಾಗಿದ್ದರೂ ಅರ್ಜಿ ಹಾಕಬಹುದು.

ಹಕ್ಕುಸ್ವಾಮ್ಯದ ಕಾಗದ ಮರೆಯಬಾರದು. ಭಾರತದ ಕಾಯ್ದೆಯಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ವಾರಸುದಾರರದು. 1963ರಲ್ಲಿ ತೀರಿಕೊಂಡ ಗೋವಿಂದ ಪೈಗಳು ಬದುಕಿದ್ದಾಗ ಪ್ರಕಟಿಸಿದ ಬರಹಗಳು 2024ರ ಜನವರಿ 1ಕ್ಕೆ ಎಲ್ಲರವಾದವು. ಮಂಜೇಶ್ವರದ ಒಂದು ಶಾಲೆ ‘ಗಿಳಿವಿಂಡು’ವಿನ ಹತ್ತು ಕವಿತೆಗಳನ್ನು ಪುಸ್ತಿಕೆ ಮಾಡಿ ಹಂಚಿದರೆ ಯಾರ ಅಪ್ಪಣೆಯೂ ಬೇಡ. 2015ರಲ್ಲಿ ತೀರಿಕೊಂಡ ಕಯ್ಯಾರರ ಕೃತಿಗಳಿಗೆ 2075ರ ಕೊನೆಯವರೆಗೂ ಒಪ್ಪಿಗೆ ಬೇಕು. ಬದುಕಿರುವ ಲೇಖಕರಿಂದ ಪ್ರಶಸ್ತಿಯ ದಿನವೇ ಒಂದು ಒಪ್ಪಿಗೆ ಪತ್ರ ಬರೆಯಿಸಿಕೊಳ್ಳುವುದು ಸಲೀಸು: ಯಾವ ಕೃತಿ, ಎಷ್ಟು ಪ್ರತಿ, ಎಷ್ಟು ವರ್ಷ, ಗೌರವಧನ ಎಷ್ಟು. ಅವರು ಹೋದ ಮೇಲೆ ನಾಲ್ಕು ಊರಿನ ನಾಲ್ಕು ಮಕ್ಕಳ ಸಹಿ ಸೇರಿಸುವುದು ಬೇರೆಯೇ ಕತೆ.

ಇನ್ನು ಗ್ರಂಥಾಲಯ. ಕೇರಳದ ಲೈಬ್ರರಿ ಕೌನ್ಸಿಲ್ ತನಗೆ ಸೇರಿದ ಗ್ರಂಥಾಲಯಗಳಿಗೆ ದರ್ಜೆಗೆ ತಕ್ಕ ಅನುದಾನ ಕೊಡುತ್ತದೆ. ಜಿಲ್ಲಾ ಕೌನ್ಸಿಲ್ ನಡೆಸುವ ಪುಸ್ತಕ ಮೇಳದಲ್ಲಿ ಗ್ರಂಥಾಲಯದವರು ಆ ಹಣದಿಂದ ಪುಸ್ತಕ ಕೊಳ್ಳುತ್ತಾರೆ. ಅಲ್ಲಿ ಮಲಯಾಳಂ ಪ್ರಕಾಶಕರ ಮಳಿಗೆಗಳದ್ದೇ ಮೇಲುಗೈ. ಎಣ್ಮಕಜೆ, ಪೈವಳಿಕೆ, ವರ್ಕಾಡಿ ಕಡೆಯ ಕನ್ನಡ ಓದುಗರ ಗ್ರಂಥಾಲಯವೂ ಅಲ್ಲೇ ಹಣ ಖರ್ಚು ಮಾಡಬೇಕು. ಬೆಂಗಳೂರಿನ ಪ್ರಕಾಶಕರು ಇಷ್ಟು ದೂರ ಬಂದರೆ ಅವರಿಗೆ ಗಿಟ್ಟುವುದಿಲ್ಲ. ಪ್ರಶಸ್ತಿ ಕೊಡುವ ಐದಾರು ಸಂಘಗಳು ಸೇರಿ ಒಂದೇ ಮಳಿಗೆ ಹಿಡಿದು, ತಾವು ಗೌರವಿಸಿದವರ ಪುಸ್ತಕಗಳನ್ನು ಇಟ್ಟರೆ ಕೊಳ್ಳುವ ದುಡ್ಡು ಕೇರಳ ಸರ್ಕಾರದ್ದೇ. ಇದನ್ನು ಹೋರಾಟ ಮಾಡಿ ಪಡೆಯಬೇಕಿಲ್ಲ, ಮೇಜು ಬಾಡಿಗೆಗೆ ಹಿಡಿದರೆ ಸಾಕು.

ಎಲ್ಲಕ್ಕಿಂತ ದೊಡ್ಡ ಓದುಗ ಬಳಗ ಇರುವುದು ಶಾಲೆಯಲ್ಲಿ. ಕೇರಳದ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳು ಕರ್ನಾಟಕದವಲ್ಲ, ಕೇರಳದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಮಂಡಳಿಯಾದ ಎಸ್‌ಸಿಇಆರ್‌ಟಿ ಸಿದ್ಧಪಡಿಸುವಂಥವು. ಪಠ್ಯ ಪರಿಷ್ಕರಣೆಯಾಗುವಾಗ ಅಧ್ಯಾಪಕರ ಕಾರ್ಯಾಗಾರಗಳಲ್ಲಿ ಪಾಠಗಳ ಆಯ್ಕೆ ನಡೆಯುತ್ತದೆ. ಆ ಹೊತ್ತಿಗೆ ಪ್ರಶಸ್ತಿ ಪಡೆದ ಲೇಖಕರ ಎರಡು ಪುಟದ ಗದ್ಯ, ಒಂದು ಕವಿತೆ ಅಚ್ಚುಕಟ್ಟಾಗಿ ಯೂನಿಕೋಡ್‌ನಲ್ಲಿ, ಒಪ್ಪಿಗೆ ಪತ್ರದ ಸಮೇತ ಅಧ್ಯಾಪಕರ ಕೈಯಲ್ಲಿದ್ದರೆ ಅದು ಪಠ್ಯಕ್ಕೆ ಸೇರುವ ಸಂಭವ ಉಂಟು. ಇಲ್ಲದಿದ್ದರೆ ಅವರು ಕೈಗೆ ಸಿಕ್ಕಿದ್ದನ್ನೇ ಆರಿಸುತ್ತಾರೆ, ಅದು ತಪ್ಪೂ ಅಲ್ಲ. 2017ರಿಂದ ಕೇರಳದ ಶಾಲೆಗಳಲ್ಲಿ ಮಲಯಾಳಂ ಕಲಿಕೆ ಕಡ್ಡಾಯವಾಗಿರುವಾಗ ಕನ್ನಡದ ಮಕ್ಕಳ ಸಮಯಕ್ಕೆ ಪೈಪೋಟಿ ಹೆಚ್ಚು. ಅವರಿಗೆ ಸಿಗುವ ಕನ್ನಡದ ಪಾಠದಲ್ಲಿ ಪಕ್ಕದ ಊರಿನವರ ಬರಹವೂ ಒಂದಿದ್ದರೆ ಅದರ ರುಚಿಯೇ ಬೇರೆ.

ಆ ಭಾನುವಾರ

ಸಮಾರಂಭದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ, ಒಂದು ದೂರನ್ನು ಬಿಟ್ಟು. ಹತ್ತಕ್ಕೆಂದು ಹೇಳಿ ಹತ್ತೂಮುಕ್ಕಾಲಿಗೆ ಪ್ರಾರ್ಥನೆ, ಸ್ವಾಗತ, ದೀಪ, ಉದ್ಘಾಟನೆ, ಆರು ಜನ ಅತಿಥಿಗಳ ಶುಭಾಶಂಸನೆ, ಅಭಿನಂದನ ನುಡಿ, ಅಧ್ಯಕ್ಷ ಭಾಷಣ. ಪ್ರಶಸ್ತಿ ಪಡೆದವರಿಗೆ ಮೈಕು ಸಿಗುವಾಗ ಒಂದು ಗಂಟೆ ಹದಿನೈದು ನಿಮಿಷ. ಅಡುಗೆಯವರು ಸಾರು ಇಳಿಸಿಯಾಗಿದೆ, ಹಿಂದಿನ ಸಾಲುಗಳು ಎದ್ದಾಗಿದೆ. ಹಿರಿಯರು ‘ಸಮಯದ ಅಭಾವ’ ಎಂದು ಎರಡು ಮಾತಿಗೆ ಮುಗಿಸುತ್ತಾರೆ. ಸ್ವಾಗತದ ಹಿಂದೆಯೇ ಅವರಿಂದ ಇಪ್ಪತ್ತು ನಿಮಿಷ ಅವರ ಬರಹವನ್ನೇ ಓದಿಸಿ, ಅತಿಥಿಗಳು ಆಮೇಲೆ ಮಾತಾಡಲಿ. ಓದಲು ಕಷ್ಟವಾದರೆ ಪಕ್ಕದ ಶಾಲೆಯ ಹುಡುಗಿಯೊಬ್ಬಳು ಓದಲಿ, ಮೊದಲೇ ಎರಡು ಸಲ ಅಭ್ಯಾಸ ಮಾಡಿಸಿ. ಪುಸ್ತಕದ ಮೇಜು ವೇದಿಕೆಯ ಹಿಂದೆ ಬೇಡ, ಊಟದ ಸಾಲು ಹೋಗುವ ದಾರಿಯಲ್ಲಿರಲಿ. ಬಿಲ್ಲು ಬರೆಯಲು ಒಬ್ಬರು, ಯುಪಿಐ ಕೋಡಿನ ಒಂದು ಚೀಟಿ, ಐವತ್ತು ನೂರರ ಚಿಲ್ಲರೆ ಇದ್ದರೆ ಪಾಯಸ ಮುಗಿಯುವಷ್ಟರಲ್ಲಿ ಮೂವತ್ತು ಪ್ರತಿ ಮಾರುವುದು ಕಷ್ಟವಲ್ಲ.